ಕನಕರಾಜನಿಗೊಬ್ಬ ಸಾಕ್ಷಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಟೇಬಲ್ಲು. ನಾಲ್ಕು ಜನ ಕೂರುವ, ಮೇಲೆ ಕರೀ ಗ್ರಾನೈಟು ಹಾಸಿದ, ನೋಡಲು ಯಾವ ಕೆಡುಕೂ ಇಲ್ಲದ ಟೇಬಲ್ಲು. ರಾಯಚೂರಿನ ಹಂಸಗಮನ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಅದನ್ನು ಇಡಲು ಉಳಿದಿದ್ದದ್ದು ಒಂದೇ ಒಂದು ಜಾಗ. ಆ ಜಾಗದಲ್ಲಿ ಕನಕರಾಜ ನಿಲ್ಲುತ್ತಿದ್ದ.

ಕನಕರಾಜ ಬಾರಿನ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುವವನು. ಹಾಡುವವಳು ಫರ್ಹೀನ್, ಕೀಬೋರ್ಡು ಹುಲಗಪ್ಪನದು, ಪ್ಯಾಡು ಬಾರಿಸುವವನು ಮೂಕಪ್ಪ. ಜನ ಫರ್ಹೀನಳನ್ನು ನೋಡುತ್ತಾರೆ, ಹುಲಗಪ್ಪನಿಗೆ ಹಾಡಿನ ಚೀಟಿ ಕೊಡುತ್ತಾರೆ, ಮೂಕಪ್ಪನ ಏಟಿಗೆ ತಲೆಯಾಡಿಸುತ್ತಾರೆ. ಕನಕರಾಜನ ಹತ್ತಿರ ಬಂದು ಟಾಯ್ಲೆಟ್ ಎಲ್ಲಿದೆ ಎಂದು ಕೇಳುತ್ತಾರೆ. ಏಳು ತಿಂಗಳ ಹಿಂದೆ ಜಾಗ ಸಾಲದೆಂದು ಮಾಲೀಕ ವಿರೂಪಣ್ಣ ಅವನನ್ನೂ ಅವನ ಸ್ಪೀಕರ್ ಡಬ್ಬಿಯನ್ನೂ ಹಿಂಗೋಡೆಗೆ ಒತ್ತಿ ಮೂಲೆಗೆ ತಳ್ಳಿದ್ದ. ಈಗ ಆ ಮೂಲೆಯೂ ಬೇಕಾಗಿತ್ತು.

ಬೆಳಿಗ್ಗೆ ಹತ್ತು ಗಂಟೆ. ಕನಕರಾಜ ತಂತಿ ಒರೆಸುತ್ತ ನಿಂತಿದ್ದಾಗ ಬಡಗಿಯೊಬ್ಬ ಬಂದು ಅವನ ಕಾಲ ಸುತ್ತ ಟೇಪು ಹಿಡಿದು ಅಳತೆ ತೆಗೆಯತೊಡಗಿದ.

"ಏನ್ ಮಾಡಾಕತ್ತೀಯಪಾ?"

"ಇಲ್ಲಿ ಟೇಬಲ್ ಬರತದ. ಸ್ವಲ್ಪ ಕಾಲ್ ಎತ್ತು," ಎಂದ ಬಡಗಿ.

ಕನಕರಾಜ ನೇರ ಗಲ್ಲಾಪೆಟ್ಟಿಗೆಯ ಹತ್ತಿರ ಹೋದ. ವಿರೂಪಣ್ಣ ಊದುಬತ್ತಿ ಹಚ್ಚುತ್ತಿದ್ದ.

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ," ಎಂದ. "ಹುಲಗಪ್ಪನ ಹೊಸಾ ಕೀಬೋರ್ಡಿನಾಗ ಒಂದು ಗುಂಡಿ ಅದ. ಒತ್ತಿದ್ರ ನೀ ಬಾರಸೂದೆಲ್ಲಾ ಅದೇ ಬಾರಸ್ತದ. ಅದು ಊಟಾ ಕೇಳಂಗಿಲ್ಲ, ನಿಲ್ಲಾಕ ಜಾಗಾನೂ ಕೇಳಂಗಿಲ್ಲ."

"ಬಾಸ್ ಇಲ್ಲಾಂದ್ರ ಹಾಡಿಗೆ ಕಾಲೇ ಇರಂಗಿಲ್ಲ ಅಣ್ಣಾರ."

"ಯಾರಿಗೆ ಕೇಳ್ತದಪಾ ಅದು? ನನಗಂತೂ ಒಂದಿನಾನೂ ಕೇಳಿಲ್ಲ."

"ನನಗ ಕೇಳ್ತದ," ಎಂದಳು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಫರ್ಹೀನ್.

"ಬ್ಯಾಂಡಿನವರ ಸಾಕ್ಷಿ ನಡಿಯಂಗಿಲ್ಲ. ಕಳ್ಳರ ಸಂತಿಯೊಳಗ ಕಳ್ಳರೇ ಪಂಚರು ಆದಂಗಾಗ್ತದ." ವಿರೂಪಣ್ಣ ಊದುಬತ್ತಿಯನ್ನು ದೇವರ ಪಟಕ್ಕೆ ಸಿಕ್ಕಿಸಿ ಕನಕರಾಜನತ್ತ ತಿರುಗಿದ. "ಆತು, ಒಂದು ಮಾತ ಹೇಳ್ತೀನಿ. ಇವತ್ತ ಆರಕ್ಕ ಗುಂಡಿ ಬಾರಸ್ಲಿ. ಏಳರೊಳಗ ಈ ಜಿಲ್ಲಾದಾಗ ನಿನ್ನ ಬಾಸ್ ಕೇಳೀನಿ ಅನ್ನಾಂವ ಒಬ್ಬನ್ನ ನನ್ನ ಮುಂದ ನಿಲ್ಲಸು. ಟೇಬಲ್ ವಾಪಸ್ ಕಳಸ್ತೀನಿ."

ಬೇರೆಯವರಾಗಿದ್ದರೆ ಗಿಟಾರು ಚೀಲಕ್ಕೆ ಹಾಕಿಕೊಂಡು ಊರ ದಾರಿ ಹಿಡಿಯುತ್ತಿದ್ದರು. ಆದರೆ ಕನಕರಾಜನ ಮನೆತನವೇ ಹಟಕ್ಕೆ ಹೆಸರಾದದ್ದು. ಕಳೆದುಹೋದ ಒಂದು ಟಗರಿಗಾಗಿ ಅವನಜ್ಜ ಕಲ್ಲೂರಿನಿಂದ ದೇವದುರ್ಗದವರೆಗೆ ನಡೆದಿದ್ದ. ಟಗರು ಸಿಗಲಿಲ್ಲ, ಅಜ್ಜ ಸೋತೆನೆಂದು ಒಪ್ಪಲೂ ಇಲ್ಲ.

"ಒಬ್ಬನ್ನಲ್ಲ, ಇಬ್ಬರನ್ನ ತರ್ತೀನಿ," ಎಂದು ಕನಕರಾಜ ಹೊರಬಿದ್ದ.

ಮೊದಲು ಸಿಕ್ಕದ್ದು ಮಾನ್ವಿ ಕಡೆಯ ಬಸ್ಸು. ಕಂಡಕ್ಟರ್ ಅವನ ಬೆನ್ನ ಮೇಲಿನ ಚೀಲವನ್ನು ಮೇಲಿಂದ ಕೆಳಗೆ ನೋಡಿ ಅದಕ್ಕೂ ಒಂದು ಟಿಕೆಟ್ ಕೊಟ್ಟ. ಆ ದಿನ ಬಾಸಿಗೆ ಸಿಕ್ಕ ಮೊದಲ ಮನ್ನಣೆ ಅದು. ಬಸ್ಸು ಕಲ್ಲೂರು ದಾಟುವಾಗ ಕನಕರಾಜ ತಲೆಯನ್ನು ಕಿಟಕಿಯಿಂದ ಒಳಗೆಳೆದುಕೊಂಡ. ಅಲ್ಲಿ ಅವನ ತಾಯಿ ಜಂಬಮ್ಮ ಇದ್ದಳು. ಕಂಡಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮಂದಿ ಗಿಟಾರಿಗೆ ಆರು ತಂತಿ ಇರ್ತಾವ, ನಿಂದ್ರಾಗ ಎರಡು ಯಾರ್ ಕಿತ್ಗೊಂಡಾರೋ ಯಪ್ಪಾ?"

ಮಾನ್ವಿಯಲ್ಲಿ ಬಸ್ಸು ಬದಲಿಸಿ ಪೋತ್ನಾಳಕ್ಕೆ ಹೋದ. ಅಲ್ಲಿ ಬೂದೆಪ್ಪನದು ಬೀಜ, ಗೊಬ್ಬರದ ಅಂಗಡಿ. ಹೋದ ವರ್ಷ ಅವನ ಮಗಳು ಲಲಿತಾಳ ಆರತಕ್ಷತೆಯಲ್ಲಿ ಬ್ಯಾಂಡು ಮೂರು ತಾಸು ಬಾರಿಸಿತ್ತು.

"ಗುರುತು ಸಿಕ್ತೇನ್ರಿ ಕಾಕಾ?"

"ಸಿಗಲಾರದ ಏನ್? ಜನರೇಟರ್ ಬಾಜೂಕ ನಿಂತಿದ್ದಿ. ಡೀಸಲ್ ಹಾಕಾಂವ."

ಕನಕರಾಜ ನುಂಗಿಕೊಂಡು ವಿಷಯ ತಿಳಿಸಿದ. ಬೂದೆಪ್ಪ ಪಾಪ ಒಳ್ಳೆಯವನು. ಫೋನು ತೆಗೆದು ಮದುವೆಯ ವಿಡಿಯೋ ಹಚ್ಚಿದ. ಫರ್ಹೀನಳ ದನಿ ಬಂತು, ಕೀಬೋರ್ಡು ಬಂತು, ಪ್ಯಾಡಿನ ಟಿಕ್ ಟಿಕ್ ಬಂತು, ಯಾರೋ ಮಗು ಐಸ್‌ಕ್ರೀಮಿಗೆ ಅಳುವುದೂ ಬಂತು. ಬಾಸ್ ಬರಲಿಲ್ಲ. ಚಿತ್ರದಲ್ಲೂ ಮದುಮಗಳ ಅತ್ತೆಯ ತುರುಬಿನ ಹಿಂದೆ ಗಿಟಾರಿನ ತುದಿ ಮಾತ್ರ ಒಂದೆರಡು ಸಲ ಇಣುಕಿತು.

"ಫೋನಿನ ಸ್ಪೀಕರಿನಾಗ ಬಾಸ್ ಬರಂಗಿಲ್ರೀ ಕಾಕಾ. ಅದು ಭಾಳ ದಪ್ಪ ದನಿ."

"ಫೋನಿನಾಗ ಬರಲಾರದ್ದು ಇದ್ರೆಷ್ಟು, ಬಿಟ್ರೆಷ್ಟು?" ಎಂದ ಬೂದೆಪ್ಪ.

ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರು ಸೇರಿದರು. ಒಬ್ಬೊಬ್ಬರೂ ಫೋನನ್ನು ಕಿವಿಗಿಟ್ಟು ಕೇಳಿ, ಇಲ್ಲ ಎಂದು ತೀರ್ಪು ಕೊಟ್ಟರು. ಸೈಕಲ್ ಅಂಗಡಿಯವನು ದಪ್ಪ ತಂತಿ ತೆಗೆಸಿ ಸಣ್ಣವು ಹಾಕಿಸಲು ಹೇಳಿದ. ಹೋಟೆಲಿನವನು ಅದರ ಬದಲಿಗೆ ಡೋಲು ಕಲಿ ಎಂದ. ಕೇಳದೆ ಕೊಟ್ಟ ಬುದ್ಧಿ ಹೊತ್ತುಕೊಂಡು ಕನಕರಾಜ ಮಾನ್ವಿಗೆ ಮರಳಿ ದೇವದುರ್ಗದ ಬಸ್ಸು ಹತ್ತಿದ.

ದೇವದುರ್ಗದಲ್ಲಿ ಅವನಿಗೆ ಗಟ್ಟಿ ಭರವಸೆ ಇತ್ತು. ಕುರಿ ವ್ಯಾಪಾರಿ ಅಮೋಘಸಿದ್ದ ತನ್ನ ತಮ್ಮನ ಆರತಕ್ಷತೆಯಲ್ಲಿ ಇಡೀ ಹೊತ್ತು ಕನಕರಾಜನ ಸ್ಪೀಕರ್ ಡಬ್ಬಿಗೇ ಬೆನ್ನು ಆನಿಸಿ ಕೂತಿದ್ದ. ಕೆಪ್ಪನಿಗಾದರೂ ಕೇಳಿಸಲೇಬೇಕು.

"ಅಣ್ಣಾ, ಅವತ್ತ ನನ್ನ ಬಾಸ್ ಕೇಳ್ತಿಲ್ಲೋ?"

"ಹಾಡು ಕೇಳಾಕ ಎಲ್ಲಿ ಪುರುಸೊತ್ತಿತ್ತೋ ತಮ್ಮಾ," ಅಮೋಘಸಿದ್ದ ಎದೆ ಸವರಿಕೊಂಡ. "ಅವತ್ತೇ ನನಗ ಎದಿ ಬ್ಯಾನಿ ಹತ್ತಿದ್ದು. ಕುಂತಲ್ಲೇ ದುಡುಂ ದುಡುಂ ಅಂತ ಹೊಡ್ಕೊಳ್ಳಾಕತ್ತಿತು. ಎದ್ದು ಹೊರಗ ಬಂದ್ರ ನಿಲ್ತು, ಒಳಗ ಹೋಗಿ ಕುಂತ್ರ ಮತ್ತ ಸುರು. ಡಾಕ್ಟ್ರು ಏನೂ ಇಲ್ಲ ಅಂದ್ರು. ಏನೂ ಇಲ್ದ ಹೊಡ್ಕೊಳ್ತದೇನು? ನಾನೇ ಹೆದರಿ ಮಟನ್ ಬಿಟ್ಟೆ. ಆರು ತಿಂಗಳಾತು, ಒಂದು ತುಣುಕು ಮುಟ್ಟಿಲ್ಲ."

ಕನಕರಾಜನಿಗೆ ಹಿಡಿಸಲಾರದಷ್ಟು ಹಿಗ್ಗಾಯಿತು. "ಅಣ್ಣಾ, ಅದು ನಿನ್ನ ಎದಿ ಅಲ್ಲ. ನಾನು."

"ಏನು?"

"ಆ ದುಡುಂ ದುಡುಂ ನಂದು. ನನ್ನ ಬಾಸು. ನಡಿ ಅಣ್ಣಾ, ಇದನ್ನ ವಿರೂಪಣ್ಣನ ಮುಂದ ಬಂದು ಹೇಳು."

ಅಮೋಘಸಿದ್ದ ದೊಡ್ಡಿಯಲ್ಲಿದ್ದ ಕುರಿಗಳನ್ನು ಒಂದು ಕಡೆಯಿಂದ ನೋಡುತ್ತ ಬಂದ. ಆರು ತಿಂಗಳಲ್ಲಿ ಬಂದು ಹೋದ ಹಬ್ಬಗಳು, ದೇವರೂಟಗಳು, ಬೀಗರೂಟಗಳು ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಆಮೇಲೆ ಗೋಡೆಗೆ ಒರಗಿಸಿದ್ದ ಕೋಲಿಗೆ ಕೈ ಹಾಕಿದ.

ಬೆನ್ನ ಮೇಲೆ ಬಾಸ್ ಹೊತ್ತ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲ ಎಂದು ದೇವದುರ್ಗದವರು ಅಂದೇ ಕಂಡದ್ದು. ಹೊರಡುತ್ತಿದ್ದ ರಾಯಚೂರು ಬಸ್ಸಿನ ಬಾಗಿಲಿಗೆ ಕನಕರಾಜ ಜೋತುಬಿದ್ದ. ಅವನ ಜನ್ಮದಲ್ಲಿ ಸಿಕ್ಕ ಒಬ್ಬನೇ ಸಾಕ್ಷಿ ಕೋಲು ಬೀಸುತ್ತ ಹಿಂದೆ ಉಳಿದ.

ರಾಯಚೂರು ತಲುಪಿದಾಗ ಆರು ದಾಟಿ ಹತ್ತು ನಿಮಿಷ. ಕನಕರಾಜ ಬೇಗ ಸೇರಲೆಂದು ಬಾರಿನ ಹಿಂದಿನ ಹಳೇ ಓಣಿಗೆ ಇಳಿದ. ಸೋತ ಮುಖ ತೋರಿಸಲು ಅಲ್ಲ, ಟೇಬಲ್ಲಿನ ಮೇಲೆ ಹತ್ತಿ ನಿಂತಾದರೂ ಬಾರಿಸುತ್ತೇನೆ ಎಂದು ಹೇಳಲು. ಓಣಿಯ ಒಂದು ಮನೆಯೊಳಗೆ ಹೆಂಗಸರ ಭಜನೆ ನಡೆದಿತ್ತು. ಹಾಡು ಒಂದು ಕಡೆ, ತಾಳ ಒಂದು ಕಡೆ. ಏರುಪೇರಾದ ಎತ್ತು ಕಟ್ಟಿದ ಬಂಡಿಯಂತೆ ನಾಲ್ಕು ಹೆಜ್ಜೆ ಹೋಗಿ ನಿಂತೇಬಿಟ್ಟಿತು. ಮನೆಯೊಡತಿ ಸತ್ಯಭಾಮಾಬಾಯಿ ಬೇಸರದಿಂದ ಕಟ್ಟೆಗೆ ಬಂದು ನಿಂತರು.

ವಾದ್ಯದವನ ಬಾಯಿ ಸುಮ್ಮನಿರಬೇಕಲ್ಲ. "ತಾಳ ತಪ್ಪಾಕತ್ತದ್ರಿ ಅವ್ವಾರ," ಎಂದ.

"ತಪ್ಪಲಾರದ ಏನಾದೀತಪಾ? ಇವತ್ತ ಮೃದಂಗನೇ ಬಂದಿಲ್ಲ."

"ಬಾರಸೋರಿಗೆ ಆರಾಮ ಇಲ್ಲೇನ್ರಿ?"

"ಬಾರಸೋರು ಯಾರಂತ ಹೇಳಲಿ? ನೀ ನಂಬತಿಯೋ ಇಲ್ಲೋ. ಏಳು ತಿಂಗಳಾತು, ದಿನಾ ಆರಕ್ಕ ನಾವು ಭಜನಿ ಸುರು ಮಾಡಿದ್ವಿ ಅಂದ್ರ ದೇವರಮನಿ ಗೋಡಿಯೊಳಗಿಂದ ಮೃದಂಗ ಕೇಳತದ. ಎಲ್ಲಾ ರಾಯರ ಕೃಪಾ. ಮೊದಲ ಐದು ಮಂದಿ ಇದ್ವಿ, ಈಗ ನಲವತ್ತು ಮಂದಿ ಆಗೇವಿ. ಗೋಡಿ ಹಿಂದ ಹತ್ತಿ ಗೋದಾಮ ಅದ, ಅಲ್ಲಿ ಯಾರು ಬಾರಸ್ತಾರ?"

ಕನಕರಾಜ ತಲೆ ಎತ್ತಿ ನೋಡಿದ. ಮನೆಯ ಮಾಳಿಗೆಯ ಹಿಂದೆ ಹಂಸಗಮನದ ನೀರಿನ ಟಾಕಿ ಕಾಣುತ್ತಿತ್ತು. ಬಾರು ಆಗುವ ಮೊದಲು ಆ ಕಟ್ಟಡ ಹತ್ತಿ ಗೋದಾಮೇ ಆಗಿತ್ತು; ಬಾರಿನ ಬಾಗಿಲು ಆಚೆ ಬೀದಿಗೆ ಇದ್ದುದರಿಂದ ಸತ್ಯಭಾಮಾಬಾಯಿಯವರ ಲೆಕ್ಕದಲ್ಲಿ ಅದು ಇನ್ನೂ ಗೋದಾಮೇ. ನಿಜಾಮರ ಕಾಲದ ಮೂರು ಅಡಿ ದಪ್ಪದ ಕಲ್ಲುಗೋಡೆ. ಫರ್ಹೀನಳ ದನಿ, ಕುಡಿದವರ ಕೂಗು ಎಲ್ಲ ಆ ಕಲ್ಲಿನಲ್ಲೇ ಸತ್ತು, ಗೋಡೆಗೆ ಒತ್ತಿ ನಿಂತಿದ್ದ ಡಬ್ಬಿಯ ದಪ್ಪ ದನಿ ಒಂದೇ ಆಚೆ ದಾಟಿತ್ತು.

"ಆ ಮೃದಂಗ ಇಲ್ಲಾಂದ್ರ ನಮ್ಮ ಹಾಡಿಗೆ ಕಾಲೇ ಇಲ್ಲ ನೋಡು," ಎಂದರು ಸತ್ಯಭಾಮಾಬಾಯಿ.

ಕನಕರಾಜನ ಕಣ್ಣು ತುಂಬಿ ಬಂದವು. ತಾನು ಬೆಳಿಗ್ಗೆ ವಿರೂಪಣ್ಣನಿಗೆ ಹೇಳಿದ ಮಾತು ಹೆಚ್ಚುಕಡಿಮೆ ಹಾಗೇ ಇನ್ನೊಬ್ಬರ ಬಾಯಿಂದ ಬಂದಿತ್ತು. ಅವನು ಓಡಿದ. ಸುತ್ತುಹಾಕಿ ಬಾರಿಗೆ ನುಗ್ಗಿ, ವಿರೂಪಣ್ಣನ ರಟ್ಟೆ ಹಿಡಿದ. "ನಡ್ರಿ, ಒಬ್ಬರಲ್ಲ, ನಲವತ್ತು ಮಂದಿ ಸಾಕ್ಷಿ ಅದಾರ."

ಸತ್ಯಭಾಮಾಬಾಯಿಯವರ ಮನೆಯ ಮುಂದೆ ವಿರೂಪಣ್ಣ ಎಲ್ಲವನ್ನೂ ಕೇಳಿದ. ಮೈಯಿಂದ ಬಾರಿನ ವಾಸನೆ ಬಂದೀತೆಂದು ಹೊಸ್ತಿಲಿಂದ ಎರಡು ಮಾರು ದೂರವೇ ನಿಂತಿದ್ದ.

"ಇವರು ಯಾರಪಾ?" ಎಂದರು ಸತ್ಯಭಾಮಾಬಾಯಿ.

ಕನಕರಾಜ ಬಾಯಿ ತೆರೆದ. ವಿರೂಪಣ್ಣ ಅವನ ಕಾಲು ತುಳಿದ. "ಹಿಂದಿನ ಗೋದಾಮಿನವ್ರು ರೀ ಬಾಯಾರ."

"ನಿಮ್ಮ ಕಡೆ ಏನರೆ ಸಪ್ಪಳ ಕೇಳತದೇನು?"

"ಏನೂ ಇಲ್ರೀ. ಹತ್ತಿ ಸಪ್ಪಳ ಮಾಡಂಗಿಲ್ಲ."

"ಮತ್ತ ಗೋಡಿಯೊಳಗೇ ಏನೋ ಅದ. ನಮ್ಮ ಮಗ ಪ್ರಾಣೇಶ ಸಾಲಿ ಮಾಸ್ತರ. ಒಳಗ ಹಳೇ ಮೂರ್ತಿ ಇದ್ದೀತು ಅಂತಾನ. ಇವತ್ತ ದನಿ ನಿಂತದಲ್ಲ, ಏನೋ ಕೊರತಿ ಆಗ್ಯದ ಅಂತ ಗೌಂಡಿಗೆ ಹೇಳಾಕ ಹೋಗ್ಯಾನ. ನಾಳೆನೂ ಬರಲಿಲ್ಲ ಅಂದ್ರ ಗೋಡಿ ಒಡಸೂದೇ."

ವಿರೂಪಣ್ಣನ ಮುಖ ಬಿಳುಚಿತು. ಗೋಡೆ ಒಡೆದರೆ ದೇವರಮನೆಯ ನೇರಕ್ಕೆ ತೆರೆದುಕೊಳ್ಳುವುದು ಏನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸತ್ಯಭಾಮಾಬಾಯಿ ಕೊಟ್ಟ ಮಂತ್ರಾಕ್ಷತೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಣಿಯ ತಿರುವಿನವರೆಗೆ ನಡೆದ.

"ಕೇಳ್ತದ," ಎಂದ ಕೊನೆಗೆ. "ನಿನ್ನ ಬಾಸ್ ಕೇಳ್ತದ. ಒಪ್ಪಿದೆ."

"ಹಂಗಾರ ಟೇಬಲ್ ವಾಪಸ್?"

"ಟೇಬಲ್ ಇರತದ. ನೀ ಗೋಡಿಗೆ ಬೇಕು ತಮ್ಮಾ, ಬಾರಿಗೆ ಬ್ಯಾಡ. ಮಂದಿ ಮುಂದ ನಿಂತು ಬಾರಿಸಿದ್ರ ಯಾರರೆ ಒಬ್ಬಾಂವ ಬಾಯಾರಿಗೆ ಹೋಗಿ ಹೇಳ್ತಾನ. ಸ್ಟೋರ್ ರೂಮೂ ಅದೇ ಗೋಡಿಗೇ ಅದ. ಅಲ್ಲಿ ಕುಂತು ಬಾರಸು."

"ನಾ ಒಲ್ಲೆ. ನಾ ಹೋಗಿ ಖರೇ ಹೇಳ್ತೀನಿ."

"ಹೇಳು. ಏನಂತ ಹೇಳ್ತಿ? ಬಾಯಾರ, ನಿಮ್ಮ ಮೃದಂಗ ಬಾರಿನ ಬಾಸು, ನೀವು ಏಳು ತಿಂಗಳು ಕುಡುಕರ ಹಾಡಿಗೆ ತಾಳಾ ಹಾಕೀರಿ ಅಂತ ಹೇಳ್ತಿ?"

ಕನಕರಾಜ ಹಿಂದಿರುಗಿ ನೋಡಿದ. ಕಟ್ಟೆಯ ಮೇಲೆ ಸತ್ಯಭಾಮಾಬಾಯಿ ಇನ್ನೂ ಗೋಡೆಯ ಕಡೆಗೇ ಕಿವಿಗೊಟ್ಟು ನಿಂತಿದ್ದರು. ತನ್ನನ್ನು ಕೇಳಿಸಿಕೊಂಡವರು ಜಗತ್ತಿನಲ್ಲಿ ಇವರಷ್ಟೇ, ಇವರನ್ನೂ ಕಳೆದುಕೊಳ್ಳುವುದು ಹೇಗೆ?

ಏಳಕ್ಕೆ ಐದು ನಿಮಿಷ ಇರುವಾಗ ಕನಕರಾಜ ಸ್ಟೋರ್ ರೂಮಿನಲ್ಲಿ ಖಾಲಿ ಬಾಟಲಿಗಳ ಕ್ರೇಟಿನ ಮೇಲೆ ಕೂತಿದ್ದ. ಎಡಕ್ಕೆ ಉಳ್ಳಾಗಡ್ಡಿ ಚೀಲ, ಬಲಕ್ಕೆ ಎಣ್ಣೆ ಡಬ್ಬ, ಎದುರಿಗೆ ಗೋಡೆ. ಡಬ್ಬಿಯನ್ನು ಗೋಡೆಗೆ ಒತ್ತಿ ಒಂದು ಏಟು ಹಾಕಿದ. ಕಲ್ಲಿಗೆ ಕಿವಿ ಹಚ್ಚಿದ. ಆಚೆ ಮೊದಲು ಒಂದು ಚಪ್ಪಾಳೆ, ಆಮೇಲೆ ನಲವತ್ತು ಜನರ ಚಪ್ಪಾಳೆ. ಅವನು ನಡೆಸಿದಂತೆ ನಡೆದರು, ನಿಲ್ಲಿಸಿದಲ್ಲಿ ನಿಂತರು. ಅಷ್ಟು ಶಿಸ್ತಿನ ಶ್ರೋತೃಗಳು ಫರ್ಹೀನಳಿಗೂ ಸಿಕ್ಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ವಿರೂಪಣ್ಣ ಬಾಗಿಲು ತೆರೆದ. ಹಣೆಗೆ ಅಕ್ಷತೆ ಹಚ್ಚಿಕೊಂಡಿದ್ದ.

"ಮತ್ತ ಓಣಿಗೆ ಹೋಗಿದ್ದೆ, ಬಾಯಾರು ಸಿಕ್ಕಿದ್ರು. ಮೃದಂಗ ವಾಪಸ್ ಬಂತಂತ, ಗೌಂಡಿ ಬ್ಯಾಡಂತ. ನಾಳೆ ಏಕಾದಶಿ. ಬೆಳತನಕಾ ಭಜನಿ, ಇಡೀ ಓಣಿ ಕೂಡತದಂತ. ಹನ್ನೊಂದಕ್ಕ ಬಾರ್ ಬಂದ್ ಮಾಡಿ ನಾ ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ತೀನಿ, ನೀ ಒಳಗ ಬಾರಸು." ಹೋಗುತ್ತಿದ್ದವನು ತಿರುಗಿ ನಿಂತ. "ಮತ್ತ ದೇವರ ಕೆಲಸ ಇದು. ನಾಳೆ ಉಪಾಸ ಇರು. ಇನ್ನ ಮ್ಯಾಲೆ ಮಟನ್ ಮುಟ್ಟಬ್ಯಾಡ."

ತೆರೆದ ಬಾಗಿಲಿನಿಂದ ಕನಕರಾಜನಿಗೆ ಹೊಸ ಟೇಬಲ್ಲು ಕಂಡಿತು. ಅಲ್ಲಿ ಅಮೋಘಸಿದ್ದ ಕೂತಿದ್ದ. ಬಡಿಯಲೆಂದು ಮುಂದಿನ ಬಸ್ಸಿಗೇ ಬಂದವನು, ಎದೆ ಗಟ್ಟಿಯಾಗಿದೆ ಎಂಬ ಖುಷಿಗೆ ಕೋಲು ಬದಿಗಿಟ್ಟು ಎರಡು ತಟ್ಟೆ ಮಟನ್ ತರಿಸಿಕೊಂಡಿದ್ದ.

"ಉಪಾಸ ಇರ್ತೀನಿ," ಎಂದ ಕನಕರಾಜ. "ಆದ್ರ ದನಿ ಎಷ್ಟು ಅನ್ನೂದು ನನಗ ಬಿಡ್ರಿ." ಎಂದವನೇ ಡಬ್ಬಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ದಪ್ಪ ತಂತಿಗೆ ಬೆರಳು ಹಾಕಿದ.

ಗೋಡೆಯ ಆಚೆ ನಲವತ್ತು ಜನರ ಕೈ ಜೋರಾಯಿತು. ಈಚೆ ಹೊಸ ಟೇಬಲ್ಲಿನ ಹತ್ತಿರ ಅಮೋಘಸಿದ್ದ ಬಾಯಿಗೆ ಒಯ್ದಿದ್ದ ತುಣುಕನ್ನು ತಟ್ಟೆಗೆ ಇಳಿಸಿ, ಎದೆಯ ಮೇಲೆ ಮೆಲ್ಲಗೆ ಕೈ ಇಟ್ಟುಕೊಂಡ.