ಅಡುಗೆಮನೆಯಿಂದ ನೇರ ಪ್ರಸಾರ

ನಮ್ಮ ಸೋದರಮಾವನಿಗೆ ತೂತಿಲ್ಲದ ಗೋಡೆ ಕಂಡರೆ ಆಗುವುದಿಲ್ಲ. ನಂಬಿಕೆ ಬರದಿದ್ದರೆ ಹಿರಿಯೂರಿನ ಅವರ ಮನೆಗೆ ಬಂದು ನೋಡಿ. ನಡುಮನೆಯ ತೂತಿಗೆ ಕಣ್ಣಿಟ್ಟರೆ ಹಿತ್ತಲಿನ ತೆಂಗಿನಮರ ಕಾಣುತ್ತದೆ! ಮೂವತ್ತು ವರ್ಷ ಟೆಲಿಫೋನ್ ಲೈನ್‌ಮ್ಯಾನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಕಂಬ ಹತ್ತುವುದು ತಪ್ಪಿತು, ಡ್ರಿಲ್ಲಿಂಗ್ ಮಷೀನ್ ಕೈಯಲ್ಲೇ ಉಳಿಯಿತು.

ಎರಡು ಸಾವಿರದ ಹನ್ನೊಂದರ ಸುಮಾರಿಗೆ, ಟಿವಿಯಲ್ಲಿ ಎಚ್‌ಡಿ ಎಂಬ ಮಾತು ನಮ್ಮ ಕಡೆಗೆ ಆಗತಾನೇ ಬರುತ್ತಿದ್ದಾಗ, ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. "ದಿನಾ ನಡೆಸ್ರಿ. ಹಿಂಗೇ ಮಲಗಿಬಿಟ್ರೆ ಕಾಯಂ ಹಾಸಿಗೆನೇ ಗತಿ" ಎಂದರು ಡಾಕ್ಟರು. ಅತ್ತೆ ಎದ್ದರೆ ತಾನೇ! ಬಿದ್ದ ಹೆದರಿಕೆಗೆ ಹಿಡಿದು ನಡೆಯುವ ವಾಕರನ್ನು ಮುಟ್ಟಲೂ ಒಲ್ಲರು. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮನೆಯಿಡೀ ಆಳಿದ ಹೆಂಗಸು ಹಾಗೆ ಸುಮ್ಮನಾದದ್ದು ನೋಡಿ ನನಗೆ ಭಯವೇ ಆಯಿತು.

ಬೇರೆಯವರಾಗಿದ್ದರೆ ಹರಕೆ ಹೊರುತ್ತಿದ್ದರು. ನಮ್ಮ ಮಾವ ನೆಟ್‌ವರ್ಕ್ ಕೇಬಲ್ ತಂದರು!

"ನೋಡಪ್ಪ, ನಡುಮನೆಯಾಗೆ ಎಚ್‌ಡಿ ಸೆಟ್‌ಟಾಪ್ ಪೆಟ್ಟಿಗೆ ಐತೆ. ಇಲ್ಲೊಂದು ಚಿತ್ರ ಕಳಿಸೋ ಡಬ್ಬಿ, ನಿಮ್ಮತ್ತೆ ಕೋಣೆ ಟಿವಿಗೆ ಅದನ್ನ ಹಿಡಿಯೋ ಡಬ್ಬಿ, ನಡುವೆ ಈ ಕಂಪ್ಯೂಟರ್ ವೈರು. ಚಿತ್ರ ಒಂದು ಚುಕ್ಕಿನೂ ಮಾಸಲ್ಲ."

"ಅಲ್ಲಿಗೇ ಇನ್ನೊಂದು ಪೆಟ್ಟಿಗೆ ಹಾಕಿಸಿದ್ರೆ ಆಗ್ತಿರಲಿಲ್ವಾ ಮಾವ?"

"ಹಾಕಿಸಿದ್ರೆ ತೂತು ಕೊರೆಯೋದು ಹೆಂಗೆ?"

ಆ ಕೇಬಲ್ಲಿನೊಳಗೆ ಎಂಟು ಬಣ್ಣದ ಎಳೆಗಳು. ಎರಡೂ ತುದಿಯಲ್ಲಿ ಅವು ಒಂದೇ ಕ್ರಮದಲ್ಲಿ ಕೂರಬೇಕು. ಒಂದು ತುದಿಯನ್ನು ಅಂಗಡಿಯವನು ಸರಿಯಾಗಿಯೇ ಕೂರಿಸಿಕೊಟ್ಟಿದ್ದ. ಇನ್ನೊಂದನ್ನು ಮಾವ ತಮ್ಮ ಟೆಲಿಫೋನ್ ಕಾಲದ ಕ್ರಮದಲ್ಲಿ ಕೂರಿಸಿದರು. ಡಬ್ಬಿಯ ಜೊತೆ ಬಂದ ಕಾಗದ ಓದಲು ಅವರೇನು ಹೊಸಬರೇ? ಮುಂದಿನ ಭಾನುವಾರ ನಮ್ಮೂರು ಹೊಳಲ್ಕೆರೆಯಿಂದ ನಾನು ಹೋದಾಗ ಮಾವ ನಡುಮನೆಯಲ್ಲಿ ಕೂತು ಚಾನಲ್ ಬದಲಿಸುತ್ತಾ, "ಹೆಂಗ್ ಬರ್ತೈತೆ?" ಎಂದು ಕೂಗುತ್ತಿದ್ದರು. ಒಳಗಿನಿಂದ ಅತ್ತೆ, "ಚೆನ್ನಾಗೈತೆ ಬಿಡ್ರಿ" ಎನ್ನುತ್ತಿದ್ದರು. ಹೋಗಿ ನೋಡಿದರೆ ಟಿವಿಯಲ್ಲಿ ಬರೀ ನೀಲಿ ಪರದೆ!

ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. "ಬೆಳಗಿಂದ ಆಕೆ ಆ ಕಡೆ ತಿರುಗೇ ಇಲ್ಲ" ಎಂದಷ್ಟೇ ಹೇಳಿ, ಕೇಬಲ್ಲಿನ ತುದಿ ಕತ್ತರಿಸಿ ಮತ್ತೆ ಕೂರಿಸಿದರು.

ಚಿತ್ರ ಬಂತು. ಮಾವನ ಉತ್ಸಾಹ ನಿಲ್ಲುವುದುಂಟೇ? ಇನ್ನೆರಡು ಕೋಣೆಗೂ ತೂತು ಬಿತ್ತು, ಟಿವಿಯೂ ಬಂತು. ಅತ್ತೆಯನ್ನು ನೋಡಲು ಜವನಗೊಂಡನಹಳ್ಳಿಯಿಂದ ಬಂದ ನೆಂಟರು ಕೋಣೆ ಕೋಣೆಯಲ್ಲೂ ಕ್ರಿಕೆಟ್ ನೋಡುತ್ತಾ ಕೂತರು. ಕೊನೆಯ ಓವರು. ಆರು ರನ್ ಬೇಕು. ಎಲ್ಲ ಟಿವಿಗೂ ಪೆಟ್ಟಿಗೆ ಒಂದೇ, ಅದರ ರಿಮೋಟು ಇದ್ದದ್ದು ಮಾವನ ಕೈಯಲ್ಲಿ. ಗಡಿಬಿಡಿಯಲ್ಲಿ ಏನೋ ಒತ್ತಿಯೇಬಿಟ್ಟರು! ಇಡೀ ಮನೆಗೆ ಅಡುಗೆ ಕಾರ್ಯಕ್ರಮ! ನೆಂಟರೆಲ್ಲ ಒಟ್ಟಿಗೆ ಬೊಬ್ಬೆ ಹೊಡೆದರು. ಆ ಗಲಾಟೆಯ ನಡುವೆ ಹಿಂದಿನ ಕೋಣೆಯಿಂದ ಅತ್ತೆಯ ದನಿ ಬಂತು: "ಅಯ್ಯೋ, ಹುಳಿಗೆ ಅಷ್ಟು ಬೆಲ್ಲ ಸುರೀತಾಳಲ್ಲ ಈಕೆ!"

ಎಷ್ಟೋ ವಾರಗಳ ಮೇಲೆ ಅತ್ತೆ ತಾವಾಗಿ ಆಡಿದ ಮಾತು ಅದು. ಮಾವ ರಿಮೋಟು ಕೆಳಗಿಟ್ಟು ಡ್ರಿಲ್ಲಿಂಗ್ ಮಷೀನ್ ಹುಡುಕಲು ಎದ್ದರು.

ಮುಂದಿನ ಭಾನುವಾರದ ಹೊತ್ತಿಗೆ ತೂತು ಅಡುಗೆಮನೆಗೂ ತಲುಪಿತ್ತು. ಮದುವೆ ವಿಡಿಯೋ ತೆಗೆಯುವ ಗೆಳೆಯನಿಂದ ಎರವಲು ತಂದ ಎಚ್‌ಡಿ ಕ್ಯಾಮೆರಾ ಬೇಳೆ ಡಬ್ಬಿಗಳ ಸಾಲಿನ ಮೇಲೆ ಕೂತು ಒಲೆಯನ್ನೇ ನೋಡುತ್ತಿತ್ತು. "ಅತ್ತೆ ಹತ್ರ ಕುಂತ್ಕ. ಆಕೆ ಏನೇ ಹೇಳ್ಲಿ, ಅಡುಗೆಮನೆಗೆ ಮಾತ್ರ ಬರಬ್ಯಾಡ" ಎಂದು ನನಗೆ ಮಾವನ ಅಪ್ಪಣೆಯಾಯಿತು.

ಟಿವಿಯಲ್ಲಿ ಮಾವ ಕಾಣಿಸಿಕೊಂಡರು, ಹೆಗಲ ಮೇಲೆ ಟವಲ್ ಸಮೇತ. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದರು. ಬೇಯಲು ಬಿಡದೆ, ತಕ್ಷಣ ಕೋಲು ಹಾಕಿ ತಿರುವತೊಡಗಿದರು. ಎಚ್‌ಡಿ ಎಂದರೇನೆಂದು ನನಗೆ ಅರ್ಥವಾದದ್ದೇ ಆವತ್ತು. ಹಿಟ್ಟಿನ ಒಂದೊಂದು ಗಂಟೂ ಗೋಲಿಯಷ್ಟು ಕಾಣುತ್ತಿತ್ತು!

"ರೀ, ತಿರುವಬ್ಯಾಡ್ರಿ! ಬೇಯಾಕೆ ಬಿಡ್ರಿ!" ಎಂದು ಅತ್ತೆ ಟಿವಿಗೇ ಕೂಗಿದರು. ಕೇಬಲ್ಲಿನಲ್ಲಿ ಚಿತ್ರ ಈ ಕಡೆ ಬರುತ್ತಿತ್ತೇ ಹೊರತು ಮಾತು ಆ ಕಡೆ ಹೋಗುತ್ತಿರಲಿಲ್ಲ. ಮಾವ ಬಾಗಿಲು ಬೇರೆ ಮುಂದೆ ಮಾಡಿಕೊಂಡಿದ್ದರು.

"ನೀನಾದ್ರೂ ಹೋಗಿ ಹೇಳಪ್ಪ!"

"ಕಾಲು ಜೋಮು ಹಿಡಿದೈತೆ ಅತ್ತೆ."

ಅತ್ತೆ ನಮ್ಮಿಬ್ಬರ ವಂಶವನ್ನೂ ಬೈದರು. ಬೈಯುತ್ತಲೇ ಎದ್ದು ಕೂತರು, ಬೈಯುತ್ತಲೇ ವಾಕರ್ ಎಳೆದುಕೊಂಡರು. ಹಿಡಿಯಲು ಹೋದರೆ ನನ್ನ ಕೈ ಕೊಡವಿದರು. ಒಂದು ಹೆಜ್ಜೆ. ನಿಂತರು. ಇನ್ನೊಂದು. ನಾನು ಕೋಣೆಯ ಬಾಗಿಲಲ್ಲಿ ನಿಂತೆ, ಒಂದು ಕಣ್ಣು ಅತ್ತೆಯ ಮೇಲೆ, ಇನ್ನೊಂದು ಟಿವಿಯ ಮೇಲೆ. ಅಡುಗೆಮನೆಯ ಬಾಗಿಲು ತಳ್ಳಿದ ಅತ್ತೆ ಟಿವಿಯೊಳಗೆ ಬಂದರು!

"ಇಷ್ಟು ವರ್ಷ ತಿಂದೀರಿ, ಒಂದು ಮುದ್ದೆ ಮಾಡಾಕೆ ಬರಲ್ವಾ?"

"ಬರಲ್ಲ ಕಣೇ" ಎಂದರು ಮಾವ. ಶುದ್ಧ ಸುಳ್ಳು! ಕಂಬ ನೆಡುವ ಕ್ಯಾಂಪಿನಲ್ಲಿ ಇಡೀ ತಂಡಕ್ಕೆ ಮುದ್ದೆ ತಿರುವುತ್ತಿದ್ದವರು ಅವರೇ ಎಂದು ನನಗೆ ತಿಳಿದದ್ದು ಆಮೇಲೆ.

ಅತ್ತೆ ಕೋಲು ಕಿತ್ತುಕೊಂಡು ಒಲೆಯ ಮುಂದೆ ನಿಂತರು. ಮಾವ ಅವರ ಬೆನ್ನ ಹಿಂದೆ ಸರಿದು, ಅವರಿಗೆ ಗೊತ್ತಾಗದಂತೆ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿ ನಿಂತರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ಟಿವಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ.