ಕೊಚ್ಚಿಹೋದ ಜೆಟ್ಟಿಯಲ್ಲೇ ಸರಕು ಇಳಿಸುವ ಬಗ್ಗೆ

ಬಂದರು ಮತ್ತು ಪರಿಹಾರ ಇಲಾಖೆ
ಸಂಖ್ಯೆ: ಬಂ.ಪ.ಇ./ಜೆಟ್ಟಿ/ನಾಪತ್ತೆ/7

ವಿಷಯ: ಪರಿಹಾರದ ಹಡಗಿನಿಂದ ಕುಡಿಯುವ ನೀರನ್ನು ಅನುಮತಿ ಇಲ್ಲದೆ ದೋಣಿಯಲ್ಲಿ ದಡ ಮುಟ್ಟಿಸಿದ ಕುರಿತು.

ಉಲ್ಲೇಖ: 1) ಹಿಂದಿನ ಸುತ್ತೋಲೆ (ತೊಯ್ದಿದ್ದು, ಓದಲು ಬರುತ್ತಿಲ್ಲ). 2) ಜೆಟ್ಟಿ ಗುಮಾಸ್ತರ ದೂರು.

ಚಂಡಮಾರುತದಿಂದ ದ್ವೀಪದ ಬಾವಿಗಳೆಲ್ಲ ಉಪ್ಪಾಗಿರುವ ಕಾರಣ ನೀರಿನ ಕ್ಯಾನು ತುಂಬಿದ ಹಡಗನ್ನು ಕಳುಹಿಸಲಾಗಿತ್ತು. ನಿಯಮದ ಪ್ರಕಾರ ಸರಕನ್ನು ಜೆಟ್ಟಿಯಲ್ಲೇ ಇಳಿಸತಕ್ಕದ್ದು. ಜೆಟ್ಟಿ ಕೊಚ್ಚಿಹೋಗಿದ್ದರೂ, ಆ ಬಗ್ಗೆ ಲಿಖಿತ ವರದಿ ಬಾರದ ಕಾರಣ ಅದು ಇರುವುದಾಗಿಯೇ ಪರಿಗಣಿಸಲಾಗಿದೆ.

ಹೀಗಿರುವಾಗ, ದೋಣಿಯಕ್ಕ ಎಂದು ಕರೆಯಲ್ಪಡುವ ಮೀನುಗಾರ ಮಹಿಳೆ ಹಡಗಿನ ಪಕ್ಕಕ್ಕೇ ದೋಣಿ ತಾಗಿಸಿ, ಕ್ಯಾನುಗಳನ್ನು ಇಳಿಸಿಕೊಂಡು ಮನೆಮನೆಗೆ ಮುಟ್ಟಿಸಿರುತ್ತಾರೆ. ತಡೆಯಲು ಹೋದ ಗುಮಾಸ್ತರಿಗೆ, "ತಮ್ಮಾ, ನಿನ್ನ ಜೆಟ್ಟಿ ಸಿಕ್ಕಿದ ದಿನ ಹೇಳಿ ಕಳ್ಸು. ಅಲ್ಲೀವರೆಗೆ ಮಕ್ಕಳಿಗೆ ಏನು ಕುಡಿಸ್ಲಿ, ನಿನ್ನ ಸೀಲಿನ ಶಾಯಿನಾ?" ಎಂದು ಕೇಳಿದ್ದಾಗಿಯೂ, ಆಮೇಲೆ ಅವರಿಗೂ ಒಂದು ಲೋಟ ನೀರು ಕೊಟ್ಟಿದ್ದಾಗಿಯೂ ದೂರಿನಲ್ಲಿದೆ. ಸದರಿ ನೀರನ್ನು ಗುಮಾಸ್ತರು ಸಾಕ್ಷ್ಯವೆಂದು ವಶಪಡಿಸಿಕೊಂಡು, ಕುಡಿದಿರುತ್ತಾರೆ.

ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಜೆಟ್ಟಿ ಹಾಜರಾಗುವವರೆಗೆ ಗುಮಾಸ್ತರು ಅದು ಇದ್ದ ಜಾಗದಲ್ಲೇ ಕರ್ತವ್ಯ ನಿರ್ವಹಿಸತಕ್ಕದ್ದು. ಉಬ್ಬರದ ವೇಳೆ ಕುರ್ಚಿಯ ಮೇಲೆ ನಿಲ್ಲಬಹುದು. ಕಡತ ತಲೆಯ ಮೇಲಿರತಕ್ಕದ್ದು.

2. ಕಪ್ತಾನರು ಎಂದಿನಂತೆ ಜೆಟ್ಟಿಗೆ ಹಗ್ಗ ಎಸೆಯತಕ್ಕದ್ದು. ಹಗ್ಗ ನೀರಿಗೆ ಬಿದ್ದಲ್ಲಿ, ಜೆಟ್ಟಿಗೆ ಬಿದ್ದಿತೆಂದು ಗುಮಾಸ್ತರು ದೃಢೀಕರಿಸುವುದು.

3. ದೋಣಿಯಕ್ಕನ ದೋಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ಇಲಾಖೆಯ ಲಾಂಚು ಮರದ ಮೇಲೆ ಸಿಕ್ಕಿಕೊಂಡಿರುವುದರಿಂದ, ಮುಟ್ಟುಗೋಲಿಗೆ ಬರುವ ಅಧಿಕಾರಿಗಳನ್ನು ಅದೇ ದೋಣಿಯಲ್ಲಿ ಕರೆತಂದು, ಊಟವಾದ ಮೇಲೆ ವಾಪಸು ಬಿಡತಕ್ಕದ್ದು.

4. ಮುಟ್ಟುಗೋಲಾದ ದೋಣಿಯನ್ನು ಜೆಟ್ಟಿಗೇ ಕಟ್ಟಬೇಕೆಂಬ ನಿಯಮವಿದೆ. ಜೆಟ್ಟಿ ಸಿಗುವವರೆಗೆ ಅದನ್ನು ದೋಣಿಯಕ್ಕನ ಸುಪರ್ದಿಗೆ ಒಪ್ಪಿಸಲಾಗಿದೆ.

5. ಸರ್ಕಾರದ ಸ್ವತ್ತು ನಿಂತಲ್ಲೇ ಹಾಳಾಗಬಾರದು. ಆದಕಾರಣ ದೋಣಿಯನ್ನು ದಿನವೂ ಹಡಗಿನವರೆಗೆ ಓಡಿಸತಕ್ಕದ್ದು. ಖಾಲಿ ದೋಣಿ ಹೊಯ್ದಾಡುವುದರಿಂದ ಬರುವಾಗ ಭಾರ ಹೇರಿರತಕ್ಕದ್ದು. ಭಾರಕ್ಕೆ ನೀರಿನ ಕ್ಯಾನು ಸೂಕ್ತ. ದಡದಲ್ಲಿ ಇಳಿಸಿದ ಭಾರ ಯಾರ ಮನೆಗೆ ಹೋಯಿತೆಂದು ವಿಚಾರಿಸಲು ಇಲಾಖೆಯಲ್ಲಿ ಸಿಬ್ಬಂದಿಯ ಕೊರತೆ ಇದೆ.

ಸಹಿ/-
ಬಂದರು ಅಧಿಕಾರಿ (ಪ್ರಭಾರ)

ಪ್ರತಿಗಳು:
ಜೆಟ್ಟಿ ಗುಮಾಸ್ತರಿಗೆ, ಇಳಿತದ ವೇಳೆ.
ಕಪ್ತಾನರಿಗೆ, ಒಣ ಹಗ್ಗದ ಸಮೇತ.
ದೋಣಿಯಕ್ಕನಿಗೆ, ದೋಣಿಯಕ್ಕನ ಮೂಲಕ. ಬೇರೆ ದೋಣಿ ಇರುವುದಿಲ್ಲ.
ಸದರಿ ಅಧಿಕಾರಿಯ ಅತ್ತೆಯವರಿಗೆ, ದ್ವೀಪದ ಕೊನೆಯ ಮನೆ. ನೀರು ತಲುಪಿತೇ ಎಂದು ಮರುದೋಣಿಗೆ ತಿಳಿಸಲು ಕೋರಿಕೆ.