ಚುಕ್ಕಿಗೆ ಹಾಲು ಅಳೆದದ್ದು

೧೯೭೯ರ ನವೆಂಬರ್ ಹದಿನೈದು, ಗುರುವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಚಿಕ್ಕಬಾಣಾವರದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅಲ್ಯೂಮಿನಿಯಂ ಬಕೆಟ್ಟಿನಲ್ಲಿದ್ದ ಎರಡು ಲೀಟರು ಇನ್ನೂರು ಮಿಲಿಲೀಟರು ಹಾಲಿಗೆ ಥರ್ಮಾಮೀಟರು ಅದ್ದಿ ಹಿಡಿದಿದ್ದೆ. ಮೂವತ್ತೆಂಟು ಡಿಗ್ರಿ. ಪುಸ್ತಿಕೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ಹಾಲು ಕುಡಿಯಬೇಕಾದವಳು ಮಾತ್ರ ನನ್ನ ಹೆಂಡತಿ ಸತ್ಯವತಿಯ ಸೆರಗಿನೊಳಗೆ ಮುಖ ತೂರಿಸಿ, ನನಗೆ ಬಾಲ ತೋರಿಸಿ ನಿಂತಿದ್ದಳು.

ಅವಳ ಹೆಸರು ಚುಕ್ಕಿ. ವಯಸ್ಸು ಮೂವತ್ತೊಂದು ದಿನ, ತೂಕ ನಲವತ್ತನಾಲ್ಕು ಕೆ.ಜಿ., ಹಣೆಯ ಮೇಲೆ ಬಿಳಿ ಮಚ್ಚೆ. ನನ್ನ ನೋಟುಬುಕ್ಕಿನಲ್ಲಿ ‘ಸ್ಯಾಂಪಲ್ ನಂ. ೧’. ಈ ಮೂವತ್ತೊಂದು ದಿನಗಳಲ್ಲಿ ಆಕೆ ಒಮ್ಮೆಯಾದರೂ ತಾನಾಗಿ ನನ್ನ ಬಳಿಗೆ ಬಂದದ್ದಿಲ್ಲ. ನನ್ನ ಅಹವಾಲು ಇಷ್ಟೇ.

“ಬಾರೇ ಚುಕ್ಕಿ, ಬಾಮ್ಮ,” ಎಂದೆ.

“ಮೊದಲು ಆ ಗಾಜಿನ ಕಡ್ಡಿ ಕೆಳಗಿಡಿ ರೀ,” ಎಂದಳು ಸತ್ಯವತಿ. “ಅದನ್ನ ಕಂಡ್ರೆ ಅವಳಿಗೆ ಯಾಕೆ ಆಗಲ್ಲ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?”

(ಹೇಳಬೇಕಿರಲಿಲ್ಲ. ಕರುವಿನ ಜ್ವರವನ್ನು ಬಾಯಿಗೆ ಕಡ್ಡಿಯಿಟ್ಟು ನೋಡುವುದಿಲ್ಲ. ಹಾಲಿಗೂ ಕರುವಿಗೂ ನಾನು ಬೇರೆ ಬೇರೆ ಥರ್ಮಾಮೀಟರು ಇಟ್ಟಿದ್ದೆ ಎಂಬುದನ್ನು ಓದುಗರ ನೆಮ್ಮದಿಗಾಗಿ ಇಲ್ಲಿಯೇ ತಿಳಿಸುತ್ತೇನೆ. ಆ ವ್ಯತ್ಯಾಸ ಕರುವಿಗೆ ತಿಳಿದಿರಲಿಲ್ಲ.)

ಹಸು ನಮ್ಮದಲ್ಲ, ಮನೆಯ ಒಡತಿ ಭದ್ರಮ್ಮನವರದು. ಅದರ ಹಿಂದಿನ ಕರು ಇಪ್ಪತ್ತು ದಿನಕ್ಕೇ ತೀರಿಹೋಗಿತ್ತು. ಈ ಸಲ ಹೆಣ್ಣುಗರು ಆದರೆ ಬೇಗೂರಿಗೆ ಕೊಟ್ಟ ಮಗಳಿಗೆ ಬಳುವಳಿಯಾಗಿ ಕೊಡುತ್ತೇನೆಂದು ಆಕೆ ಮಾತು ಕೊಟ್ಟಿದ್ದರು. ಹೆಣ್ಣೇ ಆಯಿತು. ನಾನು ಬಿ.ಎಸ್ಸಿ. ಪದವೀಧರ, ಪೀಣ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಲೋಹ ಪರೀಕ್ಷಿಸುವವನು. ಯಾವುದೋ ವಸ್ತುಪ್ರದರ್ಶನದಲ್ಲಿ ಸಿಕ್ಕಿದ್ದ ಕರು ಸಾಕಣೆಯ ಪುಸ್ತಿಕೆಯನ್ನು ಭದ್ರಮ್ಮನವರಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ.

“ಅಂಗಾದ್ರೆ ಹಾಲು ಬಿಡಿಸೋವರ್ಗೂ ನೀವೇ ಸಾಕಿ ಸಾಮಿ,” ಎಂದರು ಆಕೆ. “ಓದಿರೋರ ಕೈಲಾದ್ರೂ ಉಳ್ಕಂಡ್ರೆ ಉಳ್ಕಳ್ಳಿ.”

ನಮಗೆ ಮದುವೆಯಾಗಿ ಆಗ ಒಂಬತ್ತು ವರ್ಷ. ನಮ್ಮಿಬ್ಬರನ್ನು ಬಿಟ್ಟರೆ ಮನೆಯಲ್ಲಿ ಸದ್ದು ಮಾಡುತ್ತಿದ್ದುದು ಗೋಡೆ ಗಡಿಯಾರ ಒಂದೇ. ನಾನು ಒಪ್ಪಿಗೆಯ ಮಾತು ಮುಗಿಸುವ ಮೊದಲೇ ಸತ್ಯವತಿ ಹಳೆಯ ಕಂಬಳಿ ಹುಡುಕಲು ಒಳಗೆ ಹೋಗಿದ್ದಳು.

ಮೊದಲ ಮಹಾಯುದ್ಧ ಗಿಣ್ಣಿಗಾಗಿ ನಡೆಯಿತು. ಹಸು ಈದಾಗ ಬರುವ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚುವುದು ಅಲ್ಲಿಯ ಪದ್ಧತಿ. ಆ ಹಾಲು ಮೊದಲು ಕರುವಿನ ಹೊಟ್ಟೆಗೆ ಹೋಗಬೇಕು ಎನ್ನುವುದು ಪುಸ್ತಿಕೆಯ ಪದ್ಧತಿ. ನಾನು ಬಕೆಟ್ಟಿಗೆ ಅಡ್ಡ ನಿಂತೆ.

“ಒಂದು ಲೋಟಾನೂ ಇಲ್ಲ ಅಂದ್ರೆ ಬೀದಿಯೋರು ಏನಂದ್ಕತಾರೆ ಸಾಮಿ?”

“ಬೀದಿಯವರಿಗೆ ರೋಗ ತಡೆಯೋ ಶಕ್ತಿ ಆಗಲೇ ಬಂದಿದೆ ಭದ್ರಮ್ಮನವರೇ. ಇದಕ್ಕೆ ಇನ್ನೂ ಬರಬೇಕು.”

ಆ ತಿಂಗಳು ಬೀದಿಯಲ್ಲಿ ನನ್ನನ್ನು ಮಾತನಾಡಿಸುವವರು ಗಣನೀಯವಾಗಿ ಕಡಿಮೆಯಾದರು.

ಅನಂತರ ನನ್ನ ಆಡಳಿತ ಶುರುವಾಯಿತು. ಕರುವನ್ನು ತಾಯಿಯಿಂದ ಬೇರೆ ಕಟ್ಟಿದೆ. ಬೆರಳನ್ನು ಚೀಪಿಸುತ್ತ ಚೀಪಿಸುತ್ತ ಮೂತಿಯನ್ನು ಬಕೆಟ್ಟಿಗಿಳಿಸಿ ಕುಡಿಯುವುದನ್ನು ಕಲಿಸಿದೆ. ಭಾನುವಾರಕ್ಕೊಮ್ಮೆ ದರ್ಜಿಯ ಟೇಪಿನಿಂದ ಎದೆಯ ಸುತ್ತಳತೆ ತೆಗೆದು ತೂಕ ಲೆಕ್ಕ ಹಾಕಿದೆ. ದಿನಕ್ಕೆ ತೂಕದ ಹತ್ತರಲ್ಲೊಂದು ಪಾಲು ಹಾಲು, ಎರಡು ಸಲಕ್ಕೆ ಹಂಚಿ, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ. ದಿನಕ್ಕೆ ಮುನ್ನೂರೈವತ್ತು ಗ್ರಾಂ ಬೆಳೆಯಬೇಕಾದ ಕರು ಐನೂರು ಗ್ರಾಂ ಬೆಳೆಯುತ್ತಿತ್ತು. ಗ್ರಾಫ್ ಕಾಗದದ ಮೇಲೆ ಚುಕ್ಕಿಯ ರೇಖೆ ಪುಸ್ತಿಕೆಯ ರೇಖೆಯನ್ನು ಕೆಳಗೆ ಬಿಟ್ಟು ಏರಿತು. ನಾನು ಅದನ್ನು ಕ್ಯಾಂಟೀನಿಗೆ ಒಯ್ದು ಲೇತ್ ವಿಭಾಗದ ರಾಮಾಂಜಿನಪ್ಪನ ಮುಂದೆ ಬಿಡಿಸಿಟ್ಟೆ.

“ಸಕ್ಕತ್ತಾಗೈತೆ ಸಾರ್. ಕರು ನಿಮ್ಮನ್ನ ಕಂಡ್ರೆ ಕುಣಿಯುತ್ತಾ?” ಎಂದ. ಹುಟ್ಟಿದಾರಭ್ಯ ದನದ ನಡುವೆ ಬೆಳೆದವನು. ಎಲ್ಲಿ ಚುಚ್ಚಬೇಕೆಂದು ಗೊತ್ತು.

“ಬೆಳವಣಿಗೆಗೂ ಕುಣಿತಕ್ಕೂ ಸಂಬಂಧವಿಲ್ಲ ರಾಮಾಂಜಿನಪ್ಪ,” ಎಂದು ಗ್ರಾಫನ್ನು ಮಡಚಿದೆ.

ಮೂವತ್ತಮೂರನೆಯ ದಿನ ಚುಕ್ಕಿ ಏಳಲಿಲ್ಲ. ಬಾಲವೆಲ್ಲ ಬಿಳಿಯ ಭೇದಿ, ಕಣ್ಣು ಗುಳಿಬಿದ್ದಿತ್ತು, ಕಿವಿ ತಣ್ಣಗಿತ್ತು. ಭದ್ರಮ್ಮ ಗೋಡೆಗೆ ಒರಗಿ, “ಓದ್ಸಲಾನೂ ಇಂಗೇ ಆಗಿತ್ತು,” ಎಂದರು. ನಾನು ಸೈಕಲ್ ತುಳಿದು ದನದ ಡಾಕ್ಟರನ್ನು ಕರೆತಂದೆ.

“ದಿನಕ್ಕೆ ಎಷ್ಟು ಹಾಲು ಕೊಡ್ತೀರಿ?”

“ನಾಲ್ಕು ಲೀಟರು ನಾನೂರು ಮಿಲಿ,” ಎಂದು ನೋಟುಬುಕ್ಕು ತೆರೆದೆ.

ಡಾಕ್ಟರು ಪುಸ್ತಕವನ್ನು ನೋಡಲಿಲ್ಲ, ಹೊಟ್ಟೆಯನ್ನು ನೋಡಿದರು. “ಇದು ನಾಲ್ಕೂವರೆ ಲೀಟರಿನ ಹೊಟ್ಟೆ ಅಲ್ಲ ಸ್ವಾಮಿ. ಇನ್ಯಾರು ಕೊಡ್ತಿದ್ದೀರಿ, ಹೇಳ್ಬಿಡಿ.”

ಸತ್ಯವತಿ ನೆಲ ನೋಡುತ್ತ ಹೇಳಿದಳು: “ಇವರು ಫ್ಯಾಕ್ಟರಿಗೆ ಹೋದ್ಮೇಲೆ ಹತ್ತು ಗಂಟೆಗೆ ಒಂದು ಚೊಂಬು. ಅಂಬಾ ಅನ್ನುತ್ತೆ ಡಾಕ್ಟ್ರೇ, ಕೇಳ್ತಾ ಕೂರಕ್ಕಾಗಲ್ಲ.”

“ಮದ್ಯಾನ ನಾನು ತಾಯತ್ರ ಬಿಡ್ತೀನಿ,” ಎಂದರು ಭದ್ರಮ್ಮ. “ಒಸಿ ಒತ್ತು. ಅದೂ ಅಳ್ತದೆ, ಇದೂ ಅಳ್ತದೆ.”

ನನಗೆ ಕೋಪದಿಂದ ಮೈ ಉರಿಯಿತು. “ಒಂದು ತಿಂಗಳ ಅಂಕಿ ಅಂಶ! ಎಲ್ಲ ಸುಳ್ಳು ಮಾಡಿಬಿಟ್ರಲ್ಲೇ!” ಎಂದೆ. ಪುಸ್ತಿಕೆಯ ಏಳನೆಯ ಪುಟವನ್ನು ಗಟ್ಟಿಯಾಗಿ ಓದಲು ಆರಂಭಿಸಿದೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮೂವರೂ ನನ್ನ ಅಂಗಿಯ ಜೇಬನ್ನೇ ನೋಡುತ್ತಿದ್ದರು. ಅದರಿಂದ ಕ್ಯಾಂಟೀನಿನ ಸಿಹಿ ಬನ್ನಿನ ಕಾಗದ ಇಣುಕುತ್ತಿತ್ತು.

“ದಿನಾ ಸಂಜೆ ಒಂದೇ ಒಂದು,” ಎಂದೆ. “ಅದು... ನನ್ನ ಹತ್ತಿರ ಬರಲಿ ಅಂತ.”

“ಬಂತಾ?” ಎಂದರು ಡಾಕ್ಟರು.

“ಇಲ್ಲ. ಬನ್ನು ಕಿತ್ಕೊಂಡು ಹೋಗುತ್ತೆ.”

ಡಾಕ್ಟರು ನಗಲಿಲ್ಲ. ಒಂದು ದಿನ ಹಾಲು ಪೂರ್ತಿ ಬಂದ್, ಎರಡು ಗಂಟೆಗೊಮ್ಮೆ ಉಪ್ಪು-ಸಕ್ಕರೆ ನೀರು, ಆಮೇಲೆ ಸ್ವಲ್ಪಸ್ವಲ್ಪವೇ ಹಾಲು; ಎಲ್ಲ ಒಬ್ಬರ ಕೈಯಿಂದ ಮಾತ್ರ ಎಂದು ಅಪ್ಪಣೆಯಾಯಿತು. ಸತ್ಯವತಿ ಬಕೆಟ್ಟನ್ನು ನನ್ನ ಕೈಗಿತ್ತಳು. “ಅಳೆಯೋದು ನಿಮಗೇ ಬರೋದು. ಉಳಿಸಿಕೊಡಿ,” ಎಂದಳು.

ಮೂರು ದಿನ ರಜೆ ಹಾಕಿದೆ. ಉಪ್ಪನ್ನು ತೂಗಿದೆ, ಸಕ್ಕರೆಯನ್ನು ತೂಗಿದೆ, ನೀರನ್ನು ಅಳೆದೆ. ಆಕೆ ಕುಡಿಯಲೊಲ್ಲದಾಗ ಬೆರಳ ತುದಿಯಿಂದ ತೊಟ್ಟು ತೊಟ್ಟಾಗಿ ನಾಲಿಗೆಗೆ ಇಳಿಸಿದೆ. ಎರಡನೆಯ ದಿನ ಕಿವಿ ಬೆಚ್ಚಗಾಯಿತು. ಮೂರನೆಯ ದಿನ ಬೆಳಿಗ್ಗೆ ನಾನು ಬರಿಗೈಯಲ್ಲಿ, ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದಾಗ, ಚುಕ್ಕಿ ಕತ್ತು ನೀಡಿ ನನ್ನ ಬೆರಳನ್ನು ಬಾಯಿಗೆ ತೆಗೆದುಕೊಂಡು ಚೀಪಿದಳು. ಅದನ್ನು ಬರೆಯಲು ನೋಟುಬುಕ್ಕಿನಲ್ಲಿ ಯಾವ ಕಾಲಮ್ಮೂ ಇರಲಿಲ್ಲ. ನಾನು ಅಲುಗಾಡದೆ ಕುಳಿತೇ ಇದ್ದೆ; ಕಾಲು ಜೋಮು ಹಿಡಿಯಿತು.

ಫೆಬ್ರವರಿಯಲ್ಲಿ, ನಾಲ್ಕು ತಿಂಗಳು ತುಂಬಿದ ಮೇಲೆ, ಭದ್ರಮ್ಮ ಚುಕ್ಕಿಯ ಹಣೆಗೆ ಕುಂಕುಮವಿಟ್ಟು ಟೆಂಪೋ ಹತ್ತಿಸಿ ಬೇಗೂರಿಗೆ ಕಳಿಸಿದರು. ಮಾತು ಮಾತೇ. ಆ ದಿನದಿಂದ ಸತ್ಯವತಿ ಹತ್ತು ಗಂಟೆಗೆ ಸರಿಯಾಗಿ ಹಿತ್ತಲ ಬಾಗಿಲು ತೆರೆದು, ಮುಚ್ಚಿ, ಒಳಗೆ ಬರುತ್ತಿದ್ದಳಂತೆ. ಸಂಜೆ ಆರಕ್ಕೆ ನಾನೂ ಹಾಗೆಯೇ. ನಾಲ್ಕನೆಯ ದಿನ ಅವಳು ಕೇಳಿದಳು: “ರೀ, ಬೇಗೂರಿಗೆ ಬಸ್ಸು ಎಷ್ಟು ಹೊತ್ತಿಗಿದೆ?”

“ಮಾರ್ಕೆಟ್ಟಿನಿಂದ ಎಂಟೂ ಹತ್ತಕ್ಕೆ,” ಎಂದೆ. ಕೇಳಲಿ ಎಂದೇ ವಿಚಾರಿಸಿಟ್ಟಿದ್ದೆ.

ಭಾನುವಾರ ಹೋದೆವು. ಭದ್ರಮ್ಮನವರ ಮಗಳ ಮನೆಯ ಹಿಂದಿನ ಬಯಲಿನಲ್ಲಿ ಚುಕ್ಕಿ ಮೇಯುತ್ತಿದ್ದಳು. ನಾನು ಮುಂದೆ ನಡೆದಿದ್ದೆ; ಸತ್ಯವತಿ ಚಪ್ಪಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತ ಹಿಂದೆ ಉಳಿದಿದ್ದಳು. ನಾನು ಒಂದೇ ಸಲ ಕೂಗಿದೆ. ಚುಕ್ಕಿ ತಲೆಯೆತ್ತಿದಳು. ನೋಡಿದಳು. ಆಮೇಲೆ ಬಾಲವನ್ನು ನೆಟ್ಟಗೆ ಮೇಲೆತ್ತಿ, ನೇರವಾಗಿ ನನ್ನ ಕಡೆಗೆ ಓಡಿ ಬಂದಳು. ನಾನು ಬಗ್ಗಿ ಬೆರಳು ಚಾಚಿದೆ. ಚುಕ್ಕಿ ಆ ಬೆರಳನ್ನು ಸವರಿಕೊಂಡು, ನನ್ನನ್ನು ದಾಟಿ, ಸತ್ಯವತಿಯ ಸೆರಗಿನೊಳಗೆ ಮುಖವಿಟ್ಟಳು.

ಕರುವಿನ ಕತ್ತು ತಬ್ಬಿಕೊಂಡೇ ಸತ್ಯವತಿ ಹೇಳಿದಳು: “ನಿಮ್ಮನ್ನೂ ನೋಡಿತು ರೀ.”

“ಹೌದು, ದಾರೀಲಿ,” ಎಂದೆ.

ಹೊರಡುವ ಮುನ್ನ, ಯಾರೂ ನೋಡದಾಗ, ಆ ಜಾಗವನ್ನು ಹೆಜ್ಜೆಯಿಂದ ಅಳೆದೆ. ಚುಕ್ಕಿ ಮೇಯುತ್ತಿದ್ದಲ್ಲಿಂದ ಸತ್ಯವತಿಯವರೆಗೆ ಐವತ್ತೊಂದು ಹೆಜ್ಜೆ. ನನ್ನವರೆಗೆ ಒಂಬತ್ತು ಕಡಿಮೆ.

ಸೋಮವಾರ ಕ್ಯಾಂಟೀನಿನಲ್ಲಿ ರಾಮಾಂಜಿನಪ್ಪ ಕಾದಿದ್ದ. “ಏನ್ ಸಾರ್, ಗುರ್ತು ಹಿಡೀತಾ?”

“ಓಡಿ ಬಂತು,” ಎಂದೆ.

“ನಿಮ್ಮತ್ರಕ್ಕಾ? ಎಷ್ಟು ದೂರದಿಂದ?”

ಕಾಫಿಯನ್ನು ಒಂದು ಗುಟುಕು ಕುಡಿದು, ಸುತ್ತಲಿನ ನಾಲ್ಕು ಮೇಜಿಗೂ ಕೇಳಿಸುವಂತೆ ಹೇಳಿದೆ: “ನಲವತ್ತೆರಡು ಹೆಜ್ಜೆ.”